ಕುರಿಗಳಲ್ಲಿ ಮಾಂಸಲಕ್ಷಣಗಳ ಆನುವಂಶಿಕ ವೈವಿಧ್ಯ

ಒಂದೇ ಹಿಂಡಿನಲ್ಲಿ ಹುಟ್ಟಿ ಒಂದೇ ಮೇವನ್ನುಂಡು ಬೆಳೆದ ಕುರಿಮರಿಗಳು ದೇಹತೂಕ, ಮಾಂಸಖಂಡಗಳ ಪುಷ್ಟಿ, ಕೊಬ್ಬಿನ ಪ್ರಮಾಣ, ಮಾಂಸದ ಮಾರ್ದವ ಮೊದಲಾದ ಲಕ್ಷಣಗಳಲ್ಲಿ ಪರಸ್ಪರ ಭಿನ್ನವಾಗಿರುವುದಕ್ಕೆ ಅವುಗಳ ಜೀನುಗಳಲ್ಲಿರುವ ಭೇದವೂ ಒಂದು ಕಾರಣ. ತಳಿಸುಧಾರಣೆಗೆ ಈ ಭೇದವೇ ಮೂಲದ್ರವ್ಯ. ಪಶ್ಚಿಮ ಏಷ್ಯದಲ್ಲಿ ಸುಮಾರು 10,000 ವರ್ಷಗಳ ಹಿಂದೆ ಕಾಡುಕುರಿಯು ಮನುಷ್ಯನ ಆಶ್ರಯಕ್ಕೆ ಬಂದಂದಿನಿಂದ ಕುರಿಗಾಹಿಗಳು ಹಿಂಡಿಗೆ ಬಿಡತಕ್ಕ ಟಗರನ್ನು ಆರಿಸುತ್ತಲೇ ಬಂದರಾದರೂ, ಅವರಿಗಿದ್ದುದು ಕಣ್ಣಳತೆಯ ಜ್ಞಾನವೇ ಹೊರತು ಕಾರಣಜ್ಞಾನವಲ್ಲ. ಗಿಡ್ಡಕಾಲು, ಅಡಕವಾದ ಮೈಕಟ್ಟು ಮತ್ತು ಮಾಂಸದ ರುಚಿಗಳಿಗೆ ಹೆಸರಾದ ಮಂಡ್ಯ ಜಿಲ್ಲೆಯ ಬಂಡೂರು ಕುರಿಯನ್ನು ಅಲ್ಲಿನ ರೈತರು ಗುರುತಿಸುವುದೂ ಇಂಥ ಕಣ್ಣಳತೆಯಿಂದಲೇ.

ಈ ಆಯ್ಕೆಯನ್ನು ಒಂದು ಪದ್ಧತಿಗೆ ತಂದವನು ಇಂಗ್ಲೆಂಡಿನ ಲೆಸ್ಟರ್‌ಷೈರಿನ ಡಿಷ್ಲಿಯಲ್ಲಿ ಬೇಸಾಯ ಮಾಡುತ್ತಿದ್ದ ರಾಬರ್ಟ್ ಬೇಕ್‌ವೆಲ್ (1725–1795). ಸಮೀಪಬಂಧುಗಳನ್ನೇ ಕೂಡಿಸಿ ಇಷ್ಟಲಕ್ಷಣಗಳನ್ನು ಸಂತತಿಯಲ್ಲಿ ಸ್ಥಿರಗೊಳಿಸಿದ ಈತನು, ಟಗರುಗಳನ್ನು ಮಾರದೆ ಒಂದೊಂದು ಋತುವಿಗೆ ಬಾಡಿಗೆಗೆ ಕೊಟ್ಟು, ಅನ್ಯರ ಹಿಂಡುಗಳಲ್ಲಿ ಅವುಗಳ ಮರಿಗಳು ಹೇಗೆ ಬೆಳೆದುವೆಂಬುದನ್ನು ಕಂಡು ಟಗರಿನ ಯೋಗ್ಯತೆಯನ್ನು ನಿರ್ಣಯಿಸುತ್ತಿದ್ದನು. ಹೀಗೆ ರೂಪುಗೊಂಡ ನ್ಯೂ ಲೆಸ್ಟರ್ ತಳಿ ಬೇಗನೆ ಬಲಿತು ಮೈದುಂಬುತ್ತಿತ್ತು. ಮಾಂಸದಲ್ಲಿ ಕೊಬ್ಬು ಅತಿಯಾಯಿತೆಂಬ ಆಕ್ಷೇಪವೂ ಅದರ ಬೆನ್ನಿಗೇ ಬಂದಿತು.

ಗುಣದೊಡನೆ ದೋಷವೂ ಬರುವುದಕ್ಕೆ ಇನ್ನೂ ಸ್ಪಷ್ಟವಾದ ನಿದರ್ಶನವು ಅಮೆರಿಕದ ಓಕ್ಲಹೋಮದಲ್ಲಿ ದೊರೆಯಿತು. ಅಲ್ಲಿ 1983ರಲ್ಲಿ ಹುಟ್ಟಿದ ಡಾರ್ಸೆಟ್ ತಳಿಯ ಟಗರೊಂದರ ಸಂತತಿಯಲ್ಲಿ ಹಿಂಬದಿಯ ಮಾಂಸಖಂಡಗಳು ಅಸಾಧಾರಣವಾಗಿ ಉಬ್ಬಿದುವು. ಕ್ಯಾಲಿಪಿಜ್ ಎಂದು ಹೆಸರಾದ, 18ನೆಯ ವರ್ಣತಂತುವಿನಲ್ಲಿರುವ ಈ ಆನುವಂಶಿಕ ವಿಕಾರವು ತಂದೆಯಿಂದ ಬಂದು, ತಾಯಿಯಿಂದ ಸಹಜರೂಪವು ಬಂದಲ್ಲಿ ಮಾತ್ರ ಪ್ರಕಟವಾಗುವುದು. ಇಬ್ಬರಿಂದಲೂ ಬಂದರೆ ಮರಿ ಸಾಮಾನ್ಯವಾಗಿಯೇ ಇರುವುದು. ಈ ಕುರಿಗಳಲ್ಲಿ ಮಾಂಸ ಹೆಚ್ಚಿದರೂ, ಮೃದುವಾಗಿಸುವ ಕಿಣ್ವಗಳನ್ನು ತಡೆಯುವ ಕ್ಯಾಲ್ಪಾಸ್ಟಾಟಿನ್ ಅದರಲ್ಲಿ ಅಧಿಕವಾಗಿದ್ದುದರಿಂದ ಅದು ಗಡುಸಾಯಿತು.

ಹಾಲೆಂಡಿನ ಟೆಕ್ಸೆಲ್ ದ್ವೀಪದ ಕುರಿಗೆ 19ನೆಯ ಶತಮಾನದಲ್ಲಿ ಲೆಸ್ಟರ್ ಮೊದಲಾದ ಇಂಗ್ಲಿಷ್ ತಳಿಗಳ ರಕ್ತವನ್ನು ಬೆರೆಸಲಾಯಿತು. ಈ ಕುರಿಯ ಮಾಂಸಸಮೃದ್ಧಿಯ ಒಂದು ಕಾರಣವು 2006ರಲ್ಲಿ ವ್ಯಕ್ತವಾಯಿತು: ಸ್ನಾಯುವಿನ ಬೆಳವಣಿಗೆಗೆ ಕಡಿವಾಣ ಹಾಕುವ ಮಯೊಸ್ಟಾಟಿನ್ ಪ್ರೋಟೀನಿನ ಜೀನಿನಲ್ಲಿ, ಪ್ರೋಟೀನಿನ ರಚನೆಗೆ ಸಂಬಂಧಪಡದ ಭಾಗದಲ್ಲಿ, ಒಂದೇ ಒಂದು ಅಕ್ಷರ ಬದಲಾಗಿತ್ತು. ಆ ಬದಲಾವಣೆಯಿಂದ ಪ್ರೋಟೀನಿನ ತಯಾರಿಕೆಯನ್ನು ತಗ್ಗಿಸುವ, ಸ್ನಾಯುಗಳಲ್ಲಿರುವ ಮೈಕ್ರೊಆರ್‌ಎನ್‌ಎ ಎಂಬ ಕಿರು ಅಣುಗಳಿಗೆ ಅಂಟುವ ಸ್ಥಾನ ದೊರೆತು, ಪ್ರೋಟೀನು ಕಡಿಮೆ ತಯಾರಾಗಿ, ಕಡಿವಾಣ ಸಡಿಲಾಗಿತ್ತು.

ಇಂಥ ಪ್ರಬಲ ಜೀನುಗಳು ವಿರಳ. ತೂಕ, ಕೊಬ್ಬು ಮೊದಲಾದುವು ಬಹುಮಟ್ಟಿಗೆ ಅಲ್ಪಪ್ರಭಾವದ ಅನೇಕ ಜೀನುಗಳ ಹಾಗೂ ಪಾಲನೆಯ ಸಂಯುಕ್ತಫಲ. ಟೆಕ್ಸೆಲ್ ಕುರಿಗಳನ್ನೇ ಆಧರಿಸಿದ ಕುರಿಯ ಜೀನೋಮಿನ ವಿವರ 2014ರಲ್ಲಿ ಪ್ರಕಟವಾದುದರಿಂದ ಈ ಅಲ್ಪಭೇದಗಳನ್ನು ಹುಟ್ಟಿದ ಮರಿಯಲ್ಲಿಯೇ ಓದುವುದು ಸುಗಮವಾಗಿದೆ. ಆದರೆ ಓದಿದುದರ ಅರ್ಥವನ್ನು ತಿಳಿಯಬೇಕಾದರೆ ಬೆಳೆದ ಸಾವಿರಾರು ಕುರಿಗಳನ್ನು ತೂಗಿ ಅಳೆದ ಲೆಕ್ಕವಿರಬೇಕು. ಬೇಕ್‌ವೆಲ್ ನೆರೆಯವರ ಹಿಂಡುಗಳಲ್ಲಿ ಹುಡುಕುತ್ತಿದ್ದುದೂ ಅಂಥ ಲೆಕ್ಕವನ್ನೇ.