ಒಬ್ಬ ಹುಡುಗನಿಗೆ ಒಬ್ಬ ಅಣ್ಣ

ಹತ್ತನೆಯ ತರಗತಿಯ ಆಚೆ ಈಚೆ ಓದು ನಿಲ್ಲಿಸುವ ಮಕ್ಕಳಲ್ಲಿ ಹಲವರಿಗೆ ಬುದ್ಧಿಯ ಕೊರತೆಯಿರುವುದಿಲ್ಲ. ಮುಂದೇನು ಓದಬೇಕು, ಯಾವ ಅರ್ಜಿ ಹಾಕಬೇಕು ಎಂದು ಕೇಳಲು ಮನೆಯಲ್ಲಿ ತಿಳಿದವರು ಇರುವುದಿಲ್ಲ, ಅಷ್ಟೇ. ಇಂಥ ಮಕ್ಕಳಿಗೆ ಒಬ್ಬೊಬ್ಬ ಹಿರಿಯರನ್ನು ಜೊತೆ ಮಾಡಿಕೊಡುವ ಪದ್ಧತಿಗೆ ನೂರು ವರ್ಷ ಮೀರಿದ ಇತಿಹಾಸವಿದೆ.

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ 1902ರಲ್ಲಿ ಮಕ್ಕಳ ನ್ಯಾಯಾಲಯ ಆರಂಭವಾಯಿತು. ಅಲ್ಲಿ ಗುಮಾಸ್ತರಾಗಿದ್ದ ಅರ್ನೆಸ್ಟ್ ಕೌಲ್ಟರ್, ಕಟಕಟೆಗೆ ಬರುವ ಬಡ ಹುಡುಗರನ್ನು ದಿನವೂ ನೋಡುತ್ತಿದ್ದರು. 1904ರಲ್ಲಿ ಒಂದು ಸಭೆಯಲ್ಲಿ ಅವರು, ಒಬ್ಬೊಬ್ಬರು ಒಬ್ಬೊಬ್ಬ ಹುಡುಗನಿಗೆ ಅಣ್ಣನಾಗಿ ನಿಲ್ಲಬೇಕೆಂದು ಕೇಳಿಕೊಂಡರು. ಸುಮಾರು 40 ಮಂದಿ ಒಪ್ಪಿದರು. ‘ಬಿಗ್ ಬ್ರದರ್ಸ್’ ಚಳವಳಿ ಹೀಗೆ ಹುಟ್ಟಿತು. ಹುಡುಗಿಯರಿಗಾಗಿ ಬೆಳೆದ ‘ಬಿಗ್ ಸಿಸ್ಟರ್ಸ್’ 1977ರಲ್ಲಿ ಇದರೊಡನೆ ಒಂದಾಯಿತು.

ಇದರಿಂದ ನಿಜವಾಗಿ ಪ್ರಯೋಜನವಾಗುತ್ತದೆಯೇ? 1990ರ ದಶಕದ ಆರಂಭದಲ್ಲಿ 10ರಿಂದ 16 ವರ್ಷದ 959 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಪರೀಕ್ಷಿಸಿದರು. ಒಂದು ಗುಂಪಿಗೆ ಕೂಡಲೇ ಜೊತೆಗಾರರು ಸಿಕ್ಕರು. ಇನ್ನೊಂದು ಗುಂಪು ಕಾಯಬೇಕಾಯಿತು. 18 ತಿಂಗಳ ಬಳಿಕ ನೋಡಿದರೆ, ಜೊತೆಗಾರರಿದ್ದ ಮಕ್ಕಳು ಶಾಲೆ ತಪ್ಪಿಸಿದ ದಿನಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ಮಾದಕ ವಸ್ತುವಿನ ಚಟಕ್ಕೆ ಕೈಹಾಕುವ ಸಂಭವ ಶೇ. 46ರಷ್ಟು ಕಡಿಮೆಯಿತ್ತು. ಉಪದೇಶ ಮಾಡಿದವರಿಗಿಂತ, ಮಗುವಿನ ಮಾತು ಕೇಳಿ ಅದರ ಇಷ್ಟದಂತೆ ಜೊತೆಗೆ ಕಾಲ ಕಳೆದವರ ಸಂಬಂಧವೇ ಹೆಚ್ಚು ಬಾಳಿತು.

ಆದರೆ 2002ರಲ್ಲಿ ಪ್ರಕಟವಾದ ಮರುಪರಿಶೀಲನೆ ಒಂದು ಎಚ್ಚರಿಕೆಯನ್ನೂ ಕೊಟ್ಟಿತು. ಒಂದು ವರ್ಷಕ್ಕೂ ಹೆಚ್ಚು ಜೊತೆಯಿದ್ದರೆ ಲಾಭ ಅತಿ ಹೆಚ್ಚು. ಮೂರು ತಿಂಗಳೊಳಗೆ ಕೈಬಿಟ್ಟರೆ ಮಗುವಿಗೆ ತನ್ನ ಮೇಲಿದ್ದ ಭರವಸೆಯೇ ಕುಗ್ಗುತ್ತದೆ. ಅರ್ಧಕ್ಕೆ ಬಿಟ್ಟ ಕೈ, ಹಿಡಿಯದ ಕೈಗಿಂತ ಕೆಟ್ಟದ್ದು.

ಹಳೆಯ ವಿದ್ಯಾರ್ಥಿಗಳಾದ ನಾವು ಸುವರ್ಣ ಮಹೋತ್ಸವಕ್ಕೆ ಬಂದು, ಬೆಂಚು, ಬೀರು ಕೊಟ್ಟು ಹೋಗುತ್ತೇವೆ. ಅದೂ ಬೇಕು. ಆದರೆ ನನ್ನ ಸಿಇಟಿ ಅರ್ಜಿಯನ್ನು ಪಕ್ಕದಲ್ಲಿ ಕೂತು ತುಂಬಿಸಿದವರು ಈ ಶಾಲೆಯ ಗುರುಗಳು. ಅವರು ಅಂದು ಕೊಟ್ಟದ್ದು ಹಣವನ್ನಲ್ಲ, ಸಮಯವನ್ನು. ಆ ಋಣ ನನ್ನ ಮೇಲಿದೆ. ಒಂಬತ್ತನೆಯ ತರಗತಿಯ ಒಂದು ಮಗುವನ್ನು ನಮ್ಮಲ್ಲಿ ಒಬ್ಬೊಬ್ಬರು ಗುರುಗಳ ಮೂಲಕವೇ ಜೊತೆ ಮಾಡಿಕೊಳ್ಳೋಣ. ಊರಿಗೆ ಬಂದಾಗ ಭೇಟಿ, ಉಳಿದ ವಾರ ಫೋನು. ಪಿಯುಸಿಗೋ ಐಟಿಐಗೋ ಡಿಪ್ಲೊಮಾಗೋ ಸೇರುವವರೆಗೆ. ಅಷ್ಟು ದಿನ ನಿಲ್ಲುವೆನೆಂಬ ನಂಬಿಕೆ ಇದ್ದವರು ಮಾತ್ರ ಹೆಸರು ಬರೆಸಲಿ. ಮೊದಲ ಹೆಸರು ನನ್ನದಿರಲಿ.