ದಂಡಿನ ಜೊತೆ ಬಂದ ಚಿತ್ರಗಾರ

ಶಿಡ್ಲಘಟ್ಟದ ಕಡೆಯವರಿಗೆ ನಂದಿಬೆಟ್ಟವೆಂದರೆ ತಂಪು ಗಾಳಿ, ಯೋಗನಂದೀಶ್ವರ, ಅಮೃತ ಸರೋವರ. ಅದು ರಕ್ತ ಕಂಡ ದುರ್ಗವೆಂಬುದು ನೆನಪಿಗೆ ಬರುವುದು ಅಪರೂಪ. 1791ರ ಅಕ್ಟೋಬರ್ 19ರಂದು ಕಾರ್ನ್‌ವಾಲಿಸನ ಸೈನ್ಯ ಅದನ್ನು ಟಿಪ್ಪುವಿನವರಿಂದ ಕಿತ್ತುಕೊಂಡಿತು. ಆ ಯುದ್ಧಕಾಲದಲ್ಲಿ ದಂಡಿನ ಜೊತೆ ಕೋವಿ ಹಿಡಿಯದ ಆಂಗ್ಲನೊಬ್ಬನೂ ಮೈಸೂರು ಸೀಮೆಯಲ್ಲಿ ಸಂಚರಿಸಿದ. ಅವನ ಕೈಯಲ್ಲಿದ್ದುದು ಕುಂಚ. ಹೆಸರು ರಾಬರ್ಟ್ ಹೋಮ್.

1752ರಲ್ಲಿ ಹಲ್ ಪಟ್ಟಣದಲ್ಲಿ ಹುಟ್ಟಿದ ಈತ ಸೇನಾವೈದ್ಯನೊಬ್ಬನ ಮಗ. ಆಂಜೆಲಿಕಾ ಕೌಫ್‌ಮನ್ ಎಂಬ ಕಲಾವಿದೆಯ ಬಳಿ ಕಲಿತು, ರೋಮಿನಲ್ಲಿ ಅಭ್ಯಾಸ ಮಾಡಿ, ಡಬ್ಲಿನ್ನಿನಲ್ಲಿ ಭಾವಚಿತ್ರಗಳನ್ನು ಬರೆದು ಜೀವಿಸಿದ. 1791ರಲ್ಲಿ ಮದರಾಸಿಗೆ ಬಂದು ದಂಡನ್ನು ಸೇರಿಕೊಂಡ. ಬೆಂಗಳೂರು, ಸಾವನದುರ್ಗ, ಶ್ರೀರಂಗಪಟ್ಟಣಗಳ ನೋಟಗಳನ್ನು ಬರೆದ. 1794ರಲ್ಲಿ ಅವು ಲಂಡನ್ನಿನಲ್ಲಿ ಗ್ರಂಥರೂಪದಲ್ಲಿ ಬಂದವು.

ಹೋಮನಿಗೆ ಹೆಸರು ತಂದ ಚಿತ್ರ ಮತ್ತೊಂದು. 1792ರ ಫೆಬ್ರವರಿಯಲ್ಲಿ ಟಿಪ್ಪು ತನ್ನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತು. ಚಿತ್ರದಲ್ಲಿ ಕಾರ್ನ್‌ವಾಲಿಸ್ ತಂದೆಯ ವಾತ್ಸಲ್ಯದಿಂದ ಅವರನ್ನು ಬರಮಾಡಿಕೊಳ್ಳುತ್ತಾನೆ. ಅರ್ಧ ರಾಜ್ಯವೂ 3 ಕೋಟಿ 30 ಲಕ್ಷ ರೂಪಾಯಿಯೂ ಅದೇ ಸಂಧಿಯ ಬೆಲೆಯೆಂಬುದನ್ನು ಬಣ್ಣ ಹೇಳುವುದಿಲ್ಲ. ಬೆಂಗಳೂರಿನ ಮುತ್ತಿಗೆಯಲ್ಲಿ ಮಡಿದ ಕರ್ನಲ್ ಮೂರ್‌ಹೌಸನ ಸಾವನ್ನೂ ಹೋಮ್ ಬರೆದ. ಕೋಟೆ ಕಾಯುತ್ತ ಸತ್ತ ನಮ್ಮವರಿಗೆ ಅಂಥ ಚಿತ್ರವೊಂದು ದೊರೆಯಲಿಲ್ಲ.

ಮುಂದೆ ಈತ ಕಲ್ಕತ್ತೆಗೆ ಹೋಗಿ ಏಷ್ಯಾಟಿಕ್ ಸೊಸೈಟಿಯ ಕಾರ್ಯದರ್ಶಿಯಾದ. ಪ್ರಾಣಿಪಕ್ಷಿಗಳ ಚಿತ್ರ ಬರೆದ. 1804ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಭಾವಚಿತ್ರವನ್ನೂ ಬರೆದ. 1814ರಲ್ಲಿ ಲಕ್ನೋ ಸೇರಿ ಗಾಜಿಉದ್ದೀನ್ ಹೈದರನ ಆಸ್ಥಾನ ಚಿತ್ರಕಾರನಾದ. ಅಲ್ಲಿ ಕಿರೀಟ, ಪೋಷಾಕು, ದೋಣಿ, ಸಾರೋಟುಗಳಿಗೂ ಅವನದೇ ವಿನ್ಯಾಸ! ಕಂಪನಿಯ ಗೆಲುವನ್ನು ಬರೆದ ಕೈಯೇ ದೇಶೀ ದೊರೆಯ ವೈಭವವನ್ನೂ ರೂಪಿಸಿತು. ಕೊನೆಗೆ ಕಾನ್ಪುರದಲ್ಲಿ ನೆಲಸಿ 1834ರಲ್ಲಿ ತೀರಿಕೊಂಡ.

ಕೂಲಿಯ ಕುಂಚವೆಂದು ಅವನನ್ನು ತಳ್ಳಿಬಿಡಬಹುದೆ? ಹಾಗೆ ಮಾಡಿದರೆ ನಷ್ಟ ನಮ್ಮದೇ. ಬೆಂಗಳೂರು ಕೋಟೆಯ ಬಹುಭಾಗ ಇಂದು ಇಲ್ಲ; ಅದಿದ್ದ ಕಾಲದ ನೋಟ ಈ ಪರಕೀಯನ ಹಾಳೆಗಳಲ್ಲಿ ಉಳಿದಿದೆ. ಕಲ್ಲು, ಗೋಡೆ, ಬೆಟ್ಟಗಳಿಗೆ ಅವನ ಸಾಕ್ಷ್ಯವನ್ನು ಸ್ವೀಕರಿಸೋಣ. ಮನುಷ್ಯರ ವಿಷಯ ಬಂದಾಗ ಮಾತ್ರ, ಆ ಕುಂಚಕ್ಕೆ ಕೂಲಿ ಕೊಟ್ಟವರು ಯಾರೆಂದು ಮೊದಲು ಕೇಳೋಣ.