ನುಮಾಯಿಶ್ ಕಟ್ಟಿದ ಪದವೀಧರರು, ನಮ್ಮ ಖಾಲಿ ಟೇಬಲ್ಲು

ಹೋದ ವರ್ಷ ಕುಷಾಯಿಗೂಡದಲ್ಲಿ ನಾವು ಹತ್ತು-ಹನ್ನೆರಡು ಕನ್ನಡದ ಮನೆಯವರು ಸೇರಿ ಒಂದು ಬಳಗ ಮಾಡಿಕೊಂಡೆವು. ಕಾಲೊನಿಯ ಮೇಳದಲ್ಲಿ ಟೇಬಲ್ ಹಾಕಿದೆವು. ಹಳದಿ-ಕೆಂಪು ಬ್ಯಾನರು, ಕರಪತ್ರ, ಹೆಸರು ಬರೆಸಿಕೊಳ್ಳೋಕೆ ಒಂದು ರಿಜಿಸ್ಟರು. ಎರಡು ಸಂಜೆಗೆ ನಲವತ್ತು ಫೋನ್ ನಂಬರು ಬಂದವು. ಮುಂದಿನ ಭಾನುವಾರ ಸಭೆಗೆ ಬಂದ ಹೊಸಬರು ಮೂರೇ ಜನ. ರಾತ್ರಿ ಬ್ಯಾನರ್ ಸುತ್ತಿಡುವಾಗ ನನ್ನ ಹೆಂಡತಿ ಕೇಳಿದಳು: "ಅಲ್ರೀ, ಆ ಟೇಬಲ್ ಮ್ಯಾಲ ನಿಮ್ಮ ಹೆಸರು ಬಿಟ್ಟು ಬ್ಯಾರೆ ಏನಿತ್ತು?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಅದಕ್ಕೇ ಇವತ್ತು ನುಮಾಯಿಶ್ ಕಥೆ. ಜನವರಿ ಬಂದರೆ ನಾವೆಲ್ಲ ನಾಂಪಲ್ಲಿಗೆ ಹೋಗಿ ಕಾಶ್ಮೀರಿ ಶಾಲು, ಡ್ರೈಫ್ರೂಟ್ಸ್ ಚೌಕಾಸಿ ಮಾಡ್ತೀವಲ್ಲ, ಅದೇ. ಅದನ್ನು ನಡೆಸೋದು ಸರ್ಕಾರವೂ ಅಲ್ಲ, ಕಂಪನಿಯೂ ಅಲ್ಲ. ಎಕ್ಸಿಬಿಷನ್ ಸೊಸೈಟಿ ಅನ್ನೋ ಒಂದು ಸಂಘ.

ಶುರುವಾಗಿದ್ದು 1938ರಲ್ಲಿ. 1918ರಲ್ಲಿ ಹುಟ್ಟಿದ, ಉರ್ದುವಿನಲ್ಲಿ ಪಾಠ ಹೇಳುತ್ತಿದ್ದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು ಒಂದು ಸಂಘ ಕಟ್ಟಿಕೊಂಡಿದ್ದರು. ಅದರ ಆರ್ಥಿಕ ಸಮಿತಿಗೆ ಹೈದರಾಬಾದ್ ಸಂಸ್ಥಾನದ ಆರ್ಥಿಕ ಸಮೀಕ್ಷೆ ಮಾಡಬೇಕು ಅಂತ ಆಸೆ. ಕೈಯಲ್ಲಿ ದುಡ್ಡಿಲ್ಲ. ಹಾಗಾಗಿ ಪಬ್ಲಿಕ್ ಗಾರ್ಡನ್ಸ್‌ನಲ್ಲಿ ಸಂಸ್ಥಾನದ ಸರಕುಗಳ ಪ್ರದರ್ಶನ ಇಟ್ಟರು. ಮೂಲ ಬಂಡವಾಳ ಎರಡೂವರೆ ರೂಪಾಯಿ ಅಂತ ಈ ಊರಲ್ಲಿ ಈಗಲೂ ಹೇಳ್ತಾರೆ. ಉದ್ಘಾಟಿಸಿದವರು ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್. ಹೆಸರು 'ನುಮಾಯಿಶ್ ಮಸ್ನೂಆತ್-ಎ-ಮುಲ್ಕಿ', ಅಂದರೆ ಈ ನಾಡಿನ ತಯಾರಿಕೆಗಳ ಪ್ರದರ್ಶನ.

'ಮುಲ್ಕಿ' ಪದ ಸ್ವಲ್ಪ ನೋಡಿ. ಮುಲ್ಕಿ ಅಂದರೆ ಈ ನಾಡಿನವ, ಗೈರ್-ಮುಲ್ಕಿ ಅಂದರೆ ಹೊರಗಿನವ. ನೌಕರಿ ಯಾರಿಗೆ ಸಿಗಬೇಕು ಅನ್ನೋ ಜಗಳವೆಲ್ಲ ಈ ಪದದ ಸುತ್ತಲೇ. ಆಗ ಕಲಬುರಗಿ, ರಾಯಚೂರು, ಬೀದರ್ ಎಲ್ಲವೂ ಇದೇ ಸಂಸ್ಥಾನದಲ್ಲಿದ್ದವು. ಕಲಬುರಗಿ ಕಡೆಯ ನಮ್ಮ ಮುತ್ಯಾ ಲೆಕ್ಕದ ಪ್ರಕಾರ ಮುಲ್ಕಿ. ಆದರೆ ಮುಲ್ಕಿ ಅಂದಮಾತ್ರಕ್ಕೆ ಎಲ್ಲರಿಗೂ ಸಮಾನ ಜಾಗ ಇತ್ತು ಅಂತಲ್ಲ. ಕನ್ನಡದವನಿಗೂ ತೆಲುಗಿನವನಿಗೂ ಉಸ್ಮಾನಿಯಾದ ಪದವಿ ಬೇಕಾದರೆ ಉರ್ದುವಿನಲ್ಲೇ ಓದಬೇಕಿತ್ತು. ಅದೇ 1938ರಲ್ಲಿ ವಂದೇ ಮಾತರಂ ಹಾಡಿದ್ದಕ್ಕೆ ವಿದ್ಯಾರ್ಥಿಗಳನ್ನು ಉಸ್ಮಾನಿಯಾದಿಂದ ಹೊರಹಾಕಿದರು. ಅನೇಕರು ನಾಗಪುರಕ್ಕೆ ಹೋಗಿ ಓದು ಮುಗಿಸಿದರು.

1946ರಲ್ಲಿ ಪ್ರದರ್ಶನ ಈಗಿನ ನಾಂಪಲ್ಲಿ ಮೈದಾನಕ್ಕೆ ಬಂತು. ಆ ವರ್ಷ ಹೈದರಾಬಾದಿನ ಪ್ರಧಾನಮಂತ್ರಿಯಾಗಿ ಬಂದವರು ನಮಗೆ ಗೊತ್ತಿರೋರೇ: ಸರ್ ಮಿರ್ಜಾ ಇಸ್ಮಾಯಿಲ್, 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದವರು. ನುಮಾಯಿಶ್‌ಗೆ ಈ ಮೈದಾನ ಸಿಕ್ಕಿದ್ದಕ್ಕೆ ಇಲ್ಲಿನವರು ಅವರನ್ನೇ ನೆನೆಯುತ್ತಾರೆ. ಬೆಂಗಳೂರಿನಿಂದ ಬಂದ ಗೈರ್-ಮುಲ್ಕಿ! ಇಲ್ಲಿನ ರಾಜಕೀಯ ಅವರನ್ನು ಹೆಚ್ಚು ದಿನ ಉಳಿಸಲಿಲ್ಲ. 1947ರಲ್ಲೇ ಹುದ್ದೆ ಬಿಟ್ಟು ಹೊರಟರು.

1947, 1948ರಲ್ಲಿ ನುಮಾಯಿಶ್ ನಡೆಯಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. 1949ರಲ್ಲಿ ಗವರ್ನರ್ ಜನರಲ್ ರಾಜಾಜಿ ಮತ್ತೆ ಉದ್ಘಾಟಿಸಿದರು. 'ಮುಲ್ಕಿ' ಹೋಗಿ 'ಅಖಿಲ ಭಾರತ' ಬಂತು. 1956ರ ನವೆಂಬರ್ 1ಕ್ಕೆ ಕಲಬುರಗಿ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ ಸೇರಿತು. ಅದು ನಾವು ಬಯಸಿ ಪಡೆದದ್ದೇ, ದೂರಿಲ್ಲ. ಆದರೆ ಮುತ್ಯಾನ ರಾಜಧಾನಿಯಲ್ಲಿ ಮೊಮ್ಮಗ ಈಗ ವಲಸಿಗ. ಎಂಟೆಕ್ ಮುಗಿಸಿ ಬಂದು ಕುಷಾಯಿಗೂಡದಲ್ಲಿ ಮನೆ ಬಾಡಿಗೆಗೆ ಕೇಳಿದಾಗ ಮಾಲೀಕರ ಮೊದಲ ಪ್ರಶ್ನೆ, "ಏ ಊರು ಮೀದಿ?"

ಈಗ ಹೆಂಡತಿಯ ಪ್ರಶ್ನೆಗೆ ಬರೋಣ. ಆ ಪದವೀಧರರು ತಮ್ಮ ಸಂಘದ ಬ್ಯಾನರ್ ಕಟ್ಟಿ ಕೂತಿದ್ದರೆ ಹತ್ತು ದಿನಕ್ಕೆ ಹತ್ತು ಜನ ಬರುತ್ತಿದ್ದರೇನೋ. ಅವರು ನೇಕಾರನ, ಕುಶಲಕರ್ಮಿಯ ಸರಕನ್ನು ಮುಂದಿಟ್ಟರು. ಜನ ಸರಕು ನೋಡಲು ಬಂದರು, ಸಂಘದ ಹೆಸರು ತಾನಾಗಿ ಉಳಿಯಿತು. ಸೊಸೈಟಿಯ ಸದಸ್ಯರು ಇವತ್ತಿಗೂ ಗೌರವ ಸೇವೆಯಲ್ಲೇ ದುಡಿಯುತ್ತಾರೆ. ಬಂದ ಆದಾಯದಲ್ಲಿ ಶಿಕ್ಷಣ ಸಂಸ್ಥೆಗಳು ನಡೆಯುತ್ತವೆ. ಮೈದಾನದ ಪಕ್ಕದ ಕಮಲಾ ನೆಹರೂ ಮಹಿಳಾ ಪಾಲಿಟೆಕ್ನಿಕ್, ಸರೋಜಿನಿ ನಾಯ್ಡು ವನಿತಾ ಮಹಾವಿದ್ಯಾಲಯ ಎರಡೂ ಅವರವೇ. ನೀವು ಕೊಡುವ ಟಿಕೆಟ್ ದುಡ್ಡು ಯಾವುದೋ ಹುಡುಗಿಯ ಓದಿಗೆ ಹೋಗ್ತದೆ.

ನಮ್ಮ ಬಳಗ ಈ ಸಲವೂ ಟೇಬಲ್ ಹಾಕ್ತದೆ. ಬ್ಯಾನರ್ ಚಿಕ್ಕದು. ಇಸಿಐಎಲ್ ಸುತ್ತ ಕಟ್ಟಡ ಕೆಲಸಕ್ಕೆ ಬಂದಿರುವ ರಾಯಚೂರು, ಯಾದಗಿರಿ ಕಡೆಯವರಿಗೆ ಬ್ಯಾಂಕಿನ ಫಾರ್ಮು, ಮಕ್ಕಳ ಶಾಲೆ ಅರ್ಜಿ ತುಂಬಿಕೊಡೋದು. ಪಕ್ಕದಲ್ಲಿ ಹೆಂಡತಿಯ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ. ಸದಸ್ಯತ್ವದ ರಿಜಿಸ್ಟರ್ ಇಡಬೇಕೋ ಬೇಡವೋ ಅಂತ ನಮ್ಮಲ್ಲೇ ಇನ್ನೂ ಜಗಳ ನಡೆದಿದೆ. ನಾನಂತೂ ಬೇಡ ಅಂದಿದ್ದೀನಿ.

ಬರ್ರಿ, ಮುಂದಿನ ಮಾತಿನಲ್ಲಿ ಸಿಗೋಣ.